ಸೋಮವಾರ ಒಲೆ ಹಚ್ಚದ ಆಯಿ

ಆಯಿ ತೀರಿಕೊಂಡ ಸುದ್ದಿ ಬಂದಾಗ ನಾನು ಸಿಂದಗಿಯಲ್ಲಿದ್ದೆ. ಸಿಕ್ಕ ಬಸ್ಸು ಹತ್ತಿ ಮುದ್ದೇಬಿಹಾಳ ಮುಟ್ಟುವಷ್ಟರಲ್ಲಿ ಮಣ್ಣು ಕೊಟ್ಟು ಬಂದವರು ಅಂಗಳದಲ್ಲಿ ಕೂತಿದ್ದರು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಬೀಗರು ಮತ್ತು ಓಣಿಯವರು ಬುತ್ತಿ ತರುತ್ತಾರೆ. ಆವತ್ತು ಬುತ್ತಿ ತಂದವರಲ್ಲಿ ಬೀಗರಿಗಿಂತ ಹೆಚ್ಚು ಮಂದಿ ಒಂದು ಕಾಲಕ್ಕೆ ಆಯಿಯ ಖಾನಾವಳಿಯಲ್ಲಿ ಉಂಡವರೇ ಆಗಿದ್ದರು. ತಾಳಿಕೋಟೆಯಿಂದ ಒಬ್ಬ ನಿವೃತ್ತ ಕಂಡಕ್ಟರ್ ಬಂದಿದ್ದ. ಬಸವನ ಬಾಗೇವಾಡಿಯಿಂದ ಒಬ್ಬ ಮಾಸ್ತರು, ಹೂವಿನ ಹಿಪ್ಪರಗಿಯಿಂದ ಒಬ್ಬ ಕಂಪೌಂಡರ್. ಯಾರೂ ಯಾರಿಗೂ ಹೇಳಿ ಕಳಿಸಿರಲಿಲ್ಲ. ತಂತಮ್ಮ ಹೆಂಡಂದಿರು ಬಡಿದುಕೊಟ್ಟ ರೊಟ್ಟಿಯನ್ನು ಬಿಳಿ ಅರಿವೆಯಲ್ಲಿ ಕಟ್ಟಿಕೊಂಡು ಬಂದು, ಹಲಗೆಯ ಮೇಲೆ ಇಟ್ಟು, ಒಂದು ಮೂಲೆ ಹಿಡಿದು ಕೂತುಬಿಟ್ಟಿದ್ದರು. ಆಯಿಯ ಮಗಳು ಕಸ್ತೂರಿ ಆ ರೊಟ್ಟಿಯ ರಾಶಿ ನೋಡುತ್ತ, ಅಪ್ಪ ಹೋದಾಗ ಬಿಟ್ಟರೆ ಈ ಮನೆಗೆ ಹೊರಗಿನಿಂದ ರೊಟ್ಟಿ ಬಂದದ್ದು ಇದೇ ಮೊದಲು ಎಂದು ಯಾರಿಗೋ ಹೇಳುತ್ತಿದ್ದಳು.

ಆಕೆಗೊಂದು ಹೆಸರಿತ್ತು, ನಿಜ. ಆದರೆ ಅದು ನಮಗೆ ಯಾರಿಗೂ ಬೇಕಾಗಲಿಲ್ಲ. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತೇವೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ‘ಆಯಿ ಖಾನಾವಳಿ’ ಅಂದರೆ ಸಾಕು, ಟಾಂಗಾದವನು ಬಾಯಿ ತೆರೆಯದೆ ಕೈ ತೋರಿಸುತ್ತಿದ್ದ.

ನಾನು ಚಡಚಣದವನು. ತೊಂಬತ್ತರ ದಶಕದ ನಡುವೆ ಕಾಲುವೆ ಇಲಾಖೆಯಲ್ಲಿ ನೌಕರಿ ಸಿಕ್ಕು ಮುದ್ದೇಬಿಹಾಳಕ್ಕೆ ಬಂದೆ. ಮದುವೆಯಾಗಿರಲಿಲ್ಲ. ಮೊದಲ ದಿನ ಸಂಜೆ ಊಟಕ್ಕೆಂದು ಹೋದರೆ ಖಾನಾವಳಿಯ ಬಾಗಿಲು ಮುಂದಕ್ಕೆ ಮಾಡಿತ್ತು. ಕಟ್ಟೆಯ ಮೇಲೆ ಎಂಬತ್ತರ ಆಸುಪಾಸಿನ ಒಬ್ಬ ಮುದುಕಿ ಕೂತು ಶೇಂಗಾ ಸುಲಿಯುತ್ತಿದ್ದಳು. ಊಟ ಇದೆಯೇ ಎಂದೆ.

“ಇವತ್ತ ಸೋಮವಾರ ತಮ್ಮಾ. ಸಂಜಿಕಿ ಒಲಿ ಹಚ್ಚೂದಿಲ್ಲ,” ಎಂದಳು. ನಾನು ನಿಂತೇ ಇದ್ದದ್ದು ನೋಡಿ ಮೊರದಿಂದ ಒಂದು ಹಿಡಿ ಶೇಂಗಾ ನನ್ನ ಕೈಗೆ ಹಾಕಿದಳು. ಒಂದು ಉಂಡೆ ಬೆಲ್ಲವನ್ನೂ ಕೊಟ್ಟಳು.

ಸೋಮವಾರ ಶಿವನ ವಾರ, ಮುದುಕಿಯದೇನೋ ಹರಕೆ ಇರಬೇಕು ಎಂದುಕೊಂಡೆ. ಅಲ್ಲಿ ಉಣ್ಣುವ ಬಹಳ ಮಂದಿ ಹಾಗೇ ತಿಳಿದಿದ್ದರು. ಮುಂದೆ ಆಕೆಯ ಮನೆಯ ಪಡಸಾಲೆಗೆ ಹೊಂದಿದ ಕೋಣೆಯನ್ನೇ ಬಾಡಿಗೆಗೆ ಹಿಡಿದ ಮೇಲೆ, ಒಂದು ಸೋಮವಾರ ಚುರಮುರಿ ತಿನ್ನುತ್ತ ಕೂತಿದ್ದಾಗ ಈ ಹರಕೆ ಯಾವಾಗಿನದು ಎಂದು ಕೇಳಿದೆ. ಹರಕೆಯಲ್ಲ ಎಂದಳು. ಚೀನಾದ ಲಡಾಯಿಯ ಬೆನ್ನಿಗೇ ಪಾಕಿಸ್ತಾನದ ಲಡಾಯಿ ನಡೆದಾಗ ದೇಶದಲ್ಲಿ ಕಾಳು ಸಾಲದೆ, ಸೋಮವಾರ ಸಂಜೆ ಊಟ ಬಿಡಿರಿ ಎಂದು ಪ್ರಧಾನಿಗಳು ರೇಡಿಯೋದಲ್ಲಿ ಹೇಳಿದ್ದರಂತೆ. ಆವತ್ತಿನಿಂದ ಬಿಟ್ಟದ್ದು.

ಆ ಲಡಾಯಿ ಮುಗಿದು ಎಷ್ಟೋ ಕಾಲವಾಯಿತಲ್ಲ ಎಂದೆ.

“ಬಿಡ್ರಿ ಅಂತ ಹೇಳಿದ್ದು ಕೇಳೀನಿ. ಇನ್ನ ಉಣ್ರಿ ಅಂತ ಯಾರೂ ಹೇಳಲಿಲ್ಲ,” ಎಂದಳು.

ನಗೆಯಾಡಿದಳೋ ನಿಜಕ್ಕೂ ಹೇಳಿದಳೋ ಆಗ ತಿಳಿಯಲಿಲ್ಲ. ಆಕೆಯ ಮಾತೇ ಹಾಗೆ. ಮುಖದ ಮೇಲೆ ಒಂದು ಗೆರೆಯೂ ಅಲುಗುತ್ತಿರಲಿಲ್ಲ.

ಆಕೆ ಕಾಲವನ್ನು ಇಸವಿಯಿಂದ ಹೇಳುತ್ತಿರಲಿಲ್ಲ, ಲಡಾಯಿಯಿಂದ ಹೇಳುತ್ತಿದ್ದಳು. ಈ ಹಿತ್ತಲ ಬೇವಿನಮರ ಚೀನಾದ ಲಡಾಯಿಗೆ ಹಚ್ಚಿದ್ದು. ಶಾಂತವ್ವ ಕೆಲಸಕ್ಕೆ ಸೇರಿದ್ದು ಬಾಂಗ್ಲಾ ಲಡಾಯಿ ಆದ ಮರುವರ್ಷ. ಶಾಂತವ್ವ ಆಕೆಯ ಜೊತೆ ರೊಟ್ಟಿ ಬಡಿಯುತ್ತಿದ್ದ ಹೆಂಗಸು. ಆಯಿ ಲಡಾಯಿ ಎಂದಾಗಲೆಲ್ಲ ಶಾಂತವ್ವ, ಗುಂಡಿನ ಸದ್ದು ಸೈತ ಕೇಳದಾಕಿ ಈಕಿ ಎಂದು ನಮಗೆ ಕಣ್ಣು ಹೊಡೆಯುತ್ತಿದ್ದಳು. ಅದು ಖರೆಯೇ. ತಾಳಿಕೋಟೆ ಎಂದರೆ ನಾವೆಲ್ಲ ಸಾಲಿಯಲ್ಲಿ ಓದಿದ್ದು ಯುದ್ಧ. ಆಕೆಗೆ ಅದು ತವರುಮನೆ. ಅಲ್ಲಿಂದ ಮುದ್ದೇಬಿಹಾಳಕ್ಕೆ ಬಂದದ್ದು ಬಿಟ್ಟರೆ ಆಕೆ ದಾಟಿದ ದೂರವೇ ಕಡಿಮೆ. ಆದರೂ ಶತಮಾನದ ಒಂದೊಂದು ಯುದ್ಧವೂ ಆಕೆಯ ಅಡಿಗೆಮನೆಗೆ ಬಂದು ಏನಾದರೂ ಕೇಳಿಕೊಂಡು ಹೋಗಿತ್ತು.

ಹುಟ್ಟಿದ್ದು ಮೊದಲನೆಯ ಮಹಾಯುದ್ಧದ ನಡುವೆ. ತಂದೆ ಹೇಸರಗತ್ತೆ ಹೊಡೆಯುವ ಕೆಲಸಕ್ಕೆ ದಂಡಿಗೆ ಸೇರಿ ಬಸ್ರಾಕ್ಕೆ ಹೋಗಿದ್ದ. ಯುದ್ಧ ಮುಗಿಯುವ ಹೊತ್ತಿಗೆ ಇಲ್ಲಿ ಮಾನಮೋಡಿ ಬ್ಯಾನಿ ಬಂತು. ಹಡಗಿನಿಂದ ಇಳಿದ ಸಿಪಾಯಿಗಳ ಜೊತೆ ಇಳಿದ ಜ್ವರ ಅದು ಎಂದು ಹಿರಿಯರು ಹೇಳುತ್ತಿದ್ದರಂತೆ. ಓಣಿಯಲ್ಲಿ ಹೆಣ ಹೊರಲು ಮಂದಿ ಸಿಗಲಿಲ್ಲ. ಗುಂಡು ಹಾರುವ ಸೀಮೆಗೆ ಹೋದ ತಂದೆ ಜೀವಂತ ಬಂದ. ತಾಳಿಕೋಟೆಯಲ್ಲಿ ಒಲೆಯ ಮುಂದೆ ಕೂತಿದ್ದ ತಾಯಿ ಹೋಗಿಬಿಟ್ಟಿದ್ದಳು. ಬಂದವನು ಯಾರೆಂದು ತಿಳಿಯದೆ ಈಕೆ ಅಜ್ಜಿಯ ಸೀರೆಯ ಹಿಂದೆ ಅಡಗಿದಳಂತೆ. ಅವನು ಗಂಟು ಬಿಚ್ಚಿ ಖರ್ಜೂರ ತೋರಿಸಿದ ಮೇಲೆ ಹೊರಗೆ ಬಂದಳು. ತಂದೆ ಬೇರೆ ಮದುವೆಯಾಗಿ ಬೇರೆ ಊರಿಗೆ ಹೋದ, ಈಕೆ ಅಜ್ಜಿಯ ಹತ್ತಿರ ಬೆಳೆದಳು.

“ಅಪ್ಪನ ಮಾರಿ ನೆನಪಿಲ್ಲ. ಆ ಖರ್ಜೂರದ ರುಚಿ ನೆನಪೈತಿ,” ಎನ್ನುತ್ತಿದ್ದಳು. ಅದರಲ್ಲಿ ದುಃಖವೂ ಇರಲಿಲ್ಲ, ದೂರೂ ಇರಲಿಲ್ಲ.

ಎರಡನೆಯ ಯುದ್ಧಕ್ಕೆ ಹೋದವನು ಗಂಡ. ಒಳ್ಳೆಯ ಅಡಿಗೆಯವನಂತೆ. ಮದುವೆ ಮುಂಜಿಗೆ ಬೂಂದಿ ಕಟ್ಟುತ್ತಿದ್ದವನನ್ನು ದಂಡಿನ ಅಡಿಗೆಗೆ ಕರೆದುಕೊಂಡು ಹೋಗಿ ಮಿಸರ ದೇಶದ, ಅಂದರೆ ಈಜಿಪ್ಟಿನ, ಮರಳಿನಲ್ಲಿ ನಿಲ್ಲಿಸಿದರು. ಇತ್ತ ಊರಲ್ಲಿ ಕಂಟ್ರೋಲ್ ಬಂತು. ಜೋಳ, ಸೀಮೆಎಣ್ಣೆ, ಅರಿವೆ, ಎಲ್ಲದಕ್ಕೂ ಸಾಲು. ಆಯಿ ಕಂಡವರ ಮನೆಯಲ್ಲಿ ಬೀಸಿ ಕುಟ್ಟಿ ಹೊಟ್ಟೆ ಹೊರೆದಳು. ಗಂಡ ತಿರುಗಿ ಬಂದ. ಕೈಕಾಲು ನೆಟ್ಟಗಿದ್ದವು. ಒಂದು ಗಾಯವೂ ಇರಲಿಲ್ಲ. ಇಬ್ಬರೂ ಕೂಡಿ ಈ ಖಾನಾವಳಿ ಹಾಕಿದರು. ಆದರೆ ಅವನದೊಂದು ಹಟ ಶುರುವಾಯಿತು. ಎಷ್ಟು ಮಂದಿ ಉಣ್ಣುತ್ತಾರೋ ಅಷ್ಟೇ ಮಾಡಬೇಕು, ಒಂದು ರೊಟ್ಟಿ ಉಳಿಯಬಾರದು. ಉಳಿದರೆ ಊರೆಲ್ಲ ಹುಡುಕಿ ಯಾರಿಗಾದರೂ ಕೊಟ್ಟು ಬರುತ್ತಿದ್ದ, ಆಮೇಲೆಯೇ ಮಲಗುತ್ತಿದ್ದ.

ಇದಕ್ಕೆ ಕಾರಣವನ್ನು ಅವನು ಹೆಂಡತಿಗೆ ಒಂದೇ ಸಲ ಹೇಳಿದ್ದನಂತೆ. ಅಲ್ಲಿ ಮುಂಜಾನೆ ಹೋದವರ ಲೆಕ್ಕಕ್ಕೆ ಸಂಜೆಯ ಅಡಿಗೆ ಮಾಡಬೇಕಾಗಿತ್ತು. ಯಾರು ಬಂದರು, ಯಾರು ಬರಲಿಲ್ಲ ಎಂದು ಸಾಹೇಬರು ಹೇಳುವ ಮೊದಲೇ ಪಾತ್ರೆ ಹೇಳುತ್ತಿತ್ತು. ಉಳಿದದ್ದನ್ನು ಚೆಲ್ಲಲು ಮನಸ್ಸಾಗದೆ ಅವನು ಮರಳು ತೋಡಿ ಹೂಳುತ್ತಿದ್ದ.

ಚೀನಾದ ಲಡಾಯಿಯಲ್ಲಿ ಬಂಗಾರ ಕೇಳಿದರು. ಕಚೇರಿಯ ಮುಂದೆ ಮೇಜು ಹಾಕಿ ಕೂತಿದ್ದರಂತೆ. ಆಯಿಗೆ ಇದ್ದದ್ದು ಕೈಗೊಂದರಂತೆ ಎರಡು ಪಾಟ್ಲಿ. ಬಲಗೈಯದನ್ನು ಬಿಚ್ಚಿ ಕೊಟ್ಟು ಬಂದಳು. ಕಡೆಯ ತನಕ ಆಕೆಯ ಎಡಗೈಯಲ್ಲಿ ಮಾತ್ರ ಬಂಗಾರವಿತ್ತು. ಹೊಸಬರು ಯಾರಾದರೂ ಕೇಳಿದರೆ, ಇನ್ನೊಂದು ಚೀನಾಕ್ಕೆ ಹೋಗೇತಿ ಎಂದು ಹೇಳಿ ಹಿಟ್ಟು ನಾದುತ್ತಿದ್ದಳು. ಮುಂದಿನ ಲಡಾಯಿ ಸೋಮವಾರದ ಊಟ ಕೇಳಿತು. ಬಾಂಗ್ಲಾ ಲಡಾಯಿಯ ಹೊತ್ತಿಗೆ ಗಂಡ ತೀರಿಹೋಗಿದ್ದ. ಖಾನಾವಳಿಯ ಕಟ್ಟೆಯ ಮೇಲೆ ಟ್ರಾನ್ಸಿಸ್ಟರ್ ಇಟ್ಟುಕೊಂಡು ಓಣಿಯ ಗಂಡಸರು ಯಾವ ಊರು ಗೆದ್ದೆವು ಎಂದು ಕೇಳುತ್ತಿದ್ದರೆ, ಈಕೆ ಒಳಗಿನಿಂದ ಬಂದು, ಅಲ್ಲಿಂದ ಗಡಿ ದಾಟಿ ನಡೆದುಕೊಂಡು ಬಂದ ಅಷ್ಟು ನಿರಾಶ್ರಿತರಿಗೆ ರೊಟ್ಟಿ ಬಡಿಯುವವರು ಯಾರು ಎಂದು ಕೇಳಿದಳಂತೆ. ಅದು ಸುದ್ದಿಯಲ್ಲಿ ಬಂದಿರಲಿಲ್ಲ.

ಇವನ್ನೆಲ್ಲ ಆಕೆ ಒಂದೇ ಸಲ ಕೂತು ಹೇಳಿದವಳಲ್ಲ. ಕಾಯಿಪಲ್ಯ ಹೆಚ್ಚುವಾಗ ಒಂದು, ಹಂಚಿನ ಮೇಲೆ ರೊಟ್ಟಿ ತಿರುವುವಾಗ ಒಂದು. ಊಟಕ್ಕೆ ಕೂತವರ ಬೆನ್ನ ಹಿಂದೆ ನಿಂತು ನೋಡುವ ರೂಢಿ ಆಕೆಗಿತ್ತು. ಯಾರು ಏನು ಬಿಟ್ಟರು, ಯಾರು ಬೇಗ ಎದ್ದರು ಎನ್ನುವುದರ ಮೇಲೆ ಅವರ ಮನೆಯ ಸುದ್ದಿ ಊಹಿಸುತ್ತಿದ್ದಳು. ನನ್ನ ಮದುವೆಯ ಮಾತು ಮುರಿದು ಬಿದ್ದ ದಿನ ನಾನು ಯಾರಿಗೂ ಹೇಳಿರಲಿಲ್ಲ. ಮರುದಿನ ಎಣ್ಣೆಗಾಯಿ ಬಡಿಸುವಾಗ, ಹೋಗಲಿ ಬಿಡು, ಹುಡುಗಿ ಇನ್ನೊಂದು ಸಿಗತಾಳ ಎಂದಳು.

ಕಾರ್ಗಿಲ್ ಯುದ್ಧದ ಬೇಸಿಗೆಯಲ್ಲಿ ಓಣಿಯ ಮೂಲೆಯ ಅಂಗಡಿಗೆ ಟಿವಿ ಬಂದಿತ್ತು. ಮಂದಿ ಅಲ್ಲಿ ಕೂಡುತ್ತಿದ್ದರು. ಶವಪೆಟ್ಟಿಗೆಯಲ್ಲಿ ಊರಿಗೆ ಬಂದ ಸಿಪಾಯಿಗಳನ್ನು ತೋರಿಸುತ್ತಿದ್ದರು. ಹಿಂದಿನ ಯುದ್ಧಗಳಲ್ಲಿ ಹೋದವರು ಅಲ್ಲೇ ಮಣ್ಣಾಗುತ್ತಿದ್ದರು. ಈಗ ತಾಯಂದಿರು ಪೆಟ್ಟಿಗೆ ಮುಟ್ಟಿ ಅಳುವುದು ಊರೂರಿಗೆ ಕಾಣುತ್ತಿತ್ತು. ಆಯಿ ಒಂದು ಸಲ ಹೋಗಿ ನೋಡಿ ಬಂದಳು, ಮತ್ತೆ ಹೋಗಲಿಲ್ಲ. ಈ ಲಡಾಯಿ ನನ್ನ ಹತ್ತಿರ ಏನೂ ಕೇಳಲಿಲ್ಲ ತಮ್ಮಾ ಎಂದು ಮಾತ್ರ ಹೇಳಿದಳು. ಸಮಾಧಾನದಿಂದ ಹೇಳಿದಂತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಮಗಳು ಕಸ್ತೂರಿಯ ಕಿರಿಯ ಮಗ ಸಿದ್ದು ಇಂಡಿಯಿಂದ ಬಂದು ಇಳಿದ. ಇಂಡಿಯಲ್ಲಿ ಅವರದು ನಿಂಬೆಯ ತೋಟ. ಹುಡುಗನಿಗೆ ತೋಟದಲ್ಲಿ ಮನಸ್ಸಿಲ್ಲ, ಸೈನ್ಯದಲ್ಲಿ ಇತ್ತು. ವಿಜಾಪುರದ ಭರ್ತಿಗೆ ಹೋಗಿ ಓಟದಲ್ಲಿ ಎಲ್ಲರಿಗಿಂತ ಮುಂದೆ ಬಂದಿದ್ದ. ಎತ್ತರ ಸರಿ ಇತ್ತು, ಎದೆ ಸರಿ ಇತ್ತು. ತೂಕ ಮಾತ್ರ ಸಾಲದೆಂದು ತಿರುಗಿ ಕಳಿಸಿದ್ದರು. ಮುಂದಿನ ಭರ್ತಿ ಹತ್ತಿರವೇ ಇತ್ತು. ಆಯಿಯ ಕೈಯಡಿಗೆ ಉಂಡರೆ ಮೈ ಹಿಡಿಯುತ್ತದೆ ಎಂದು ಬಟ್ಟೆಯ ಚೀಲ ಹಿಡಿದು ಬಂದಿದ್ದ.

ಆಯಿ ಅವನು ಕೂತಾಗ ಎಲ್ಲರಿಗೆ ಹಾಕಿದಂತೆ ಅವನಿಗೂ ಹಾಕಿದಳು. ಬೆಣ್ಣೆ ಮಾತ್ರ ಒಂದು ಉಂಡೆ ಹೆಚ್ಚು. ಆಗಾಗ ನಾನು ಅವನನ್ನು ಅಡತಿ ಅಂಗಡಿಗೆ ಕರೆದುಕೊಂಡು ಹೋಗಿ ಜೋಳದ ಚೀಲ ತೂಗುವ ತಕ್ಕಡಿಯ ಮೇಲೆ ನಿಲ್ಲಿಸುತ್ತಿದ್ದೆ. ಹಮಾಲರು ನಗುತ್ತಿದ್ದರು. ಹುಡುಗ ಗೆಲುವಿನವನು, ಅವರ ಜೊತೆ ತಾನೂ ನಗುತ್ತಿದ್ದ. ಬಂದು ಹೇಳಿದರೆ ಆಯಿ ಕೇಳಿಸಿಕೊಳ್ಳುತ್ತಿದ್ದಳು, ಅಷ್ಟೇ.

ಭರ್ತಿಗೆ ಎಂಟು ದಿನ ಇದೆ ಎನ್ನುವಾಗ ಕಸ್ತೂರಿ ಬಂದಳು. ಮಗ ಓಡಲು ಹೋದ ಹೊತ್ತು ನೋಡಿ ಅಡಿಗೆಮನೆಗೆ ಹೊಕ್ಕಳು. ನಾನು ಪಡಸಾಲೆಯಲ್ಲಿ ಉಣ್ಣುತ್ತಿದ್ದೆ. ನನ್ನನ್ನು ಆಕೆ ಹೊರಗಿನವನೆಂದು ಎಣಿಸಲಿಲ್ಲ, ಇಲ್ಲವೆ ಎಣಿಸುವ ಸ್ಥಿತಿಯಲ್ಲಿರಲಿಲ್ಲ.

“ಅವ್ವಾ, ಅವನ ತೂಕ ಬರೂದು ಬ್ಯಾಡ,” ಎಂದಳು. “ನಾ ಹೇಳಿದ್ರ ಕೇಳೂದಿಲ್ಲ. ಅವರಪ್ಪ ಹೇಳಿದ್ರೂ ಕೇಳೂದಿಲ್ಲ. ನೀ ಏನೂ ಹೇಳಬ್ಯಾಡ. ಒಂದೀಟು ಕಡಿಮಿ ಹಾಕು, ಸಾಕು. ಯಾರಿಗೂ ಗೊತ್ತಾಗೂದಿಲ್ಲ.”

ಆಯಿ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. ಕಸ್ತೂರಿ ಸೆರಗಿನಿಂದ ಮುಖ ಒರೆಸಿಕೊಂಡು, ಟಿವಿಯಲ್ಲಿ ಕಂಡ ಪೆಟ್ಟಿಗೆಗಳ ಮಾತು ಎತ್ತಿದಳು. ಎಲ್ಲ ಲಡಾಯಿಯಲ್ಲೂ ನೀನೇ ಕೊಟ್ಟಿದ್ದೀ, ಇದಕ್ಕೆ ನನ್ನ ಮಗನನ್ನು ಕೊಡಬ್ಯಾಡ ಎಂದಳು. ಸಂಜೆಯ ಬಸ್ಸಿಗೆ ಇಂಡಿಗೆ ಹೊರಟುಹೋದಳು.

ಆ ಎಂಟು ದಿನ ನಾನು ಸಿದ್ದುವಿನ ತಾಟನ್ನೇ ನೋಡುತ್ತಿದ್ದೆ. ಕಡಿಮೆಯೂ ಆಗಲಿಲ್ಲ, ಹೆಚ್ಚೂ ಆಗಲಿಲ್ಲ. ಭರ್ತಿ ಬಿದ್ದದ್ದು ಮಂಗಳವಾರ ಬೆಳಿಗ್ಗೆ. ಹಿಂದಿನ ದಿನ ಸೋಮವಾರ. ತೂಕ ಗೆರೆಯ ಮೇಲೆ ನಿಂತಿತ್ತು. ಒಂದು ಸಂಜೆಯ ಉಪವಾಸ ಸಾಕು, ಹುಡುಗ ತಿರುಗಿ ಬರುತ್ತಾನೆ ಎಂದು ನನಗೂ ತಿಳಿದಿತ್ತು, ಶಾಂತವ್ವನಿಗೂ ತಿಳಿದಿತ್ತು. ಆಯಿ ಏನೂ ಮಾಡಬೇಕಾದದ್ದಿರಲಿಲ್ಲ. ಎಂದಿನಂತೆ ಕಟ್ಟೆಯ ಮೇಲೆ ಕೂತರೆ ಸಾಕಾಗಿತ್ತು. ಸಿದ್ದು ಸೈತ ಅದನ್ನು ಅರಿತು, ನಾಲ್ಕು ಬಾಳೆಹಣ್ಣು ತಂದು ಗೂಟಕ್ಕೆ ಸಿಕ್ಕಿಸಿಟ್ಟುಕೊಂಡಿದ್ದ.

ದೀಪ ಹಚ್ಚುವ ಹೊತ್ತಿಗೆ ಅಡಿಗೆಮನೆಯಿಂದ ಕಟ್ಟಿಗೆ ಮುರಿಯುವ ಸದ್ದು ಬಂತು. ಆಮೇಲೆ ಹೊಗೆ. ಆಮೇಲೆ ರೊಟ್ಟಿ ಬಡಿಯುವ ಸದ್ದು. ಎದುರು ಮನೆಯವರು ಬಾಗಿಲಿಗೆ ಬಂದು ನಿಂತರು. ನಾನು ಒಳಗೆ ಹೋದೆ. ಆಯಿ ಒಬ್ಬಳೇ ಒಲೆಯ ಮುಂದೆ ಕೂತಿದ್ದಳು. ಪುಂಡಿಪಲ್ಯ ಕುದಿಯುತ್ತಿತ್ತು. ಇವತ್ತು ಸೋಮವಾರ ಆಯಿ ಎಂದೆ.

“ಗೊತ್ತೈತಿ. ಉಪಾಸ ನಂದು, ಅವಂದಲ್ಲ,” ಎಂದಳು. ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರುತ್ತ ಹೇಳಿದಳು: “ಕಸ್ತೂರಿ ಹೇಳಿದ್ದು ತಪ್ಪಲ್ಲ. ತಾಯಿ ಅಕಿ. ನನಗೂ ಅವ ಹೋಗೂದು ಬ್ಯಾಡಾಗೇತಿ. ಹೋಗಬ್ಯಾಡ ಅಂತ ಅವಗ ಮುಂಜಾನಿ ಹೇಳೀನಿ, ಕೈ ಹಿಡಿದು ಹೇಳೀನಿ. ಹೋಗ್ತೀನಿ ಅಂದ. ಬಾಯಿಲೆ ತಡಿಲಿಕ್ಕಾಗಲಿಲ್ಲ ಅಂತ ಅನ್ನದಾಗ ಕಪಟ ಮಾಡ್ಲೇನು? ಉಣ್ಣಾಕ ಅಂತ ನಂಬಿ ಬಂದಾನ.”

ಸಿದ್ದು ಉಂಡ. ಆಯಿ ಅವನ ಬೆನ್ನ ಹಿಂದೆ ನಿಂತಿದ್ದಳು. ಆಕೆ ಆವತ್ತು ಸಂಜೆ ಉಣ್ಣಲಿಲ್ಲ.

ಹುಡುಗ ಪಾಸಾದ.

ಕಸ್ತೂರಿ ಅಲ್ಲಿಂದ ಮುಂದೆ ತಾಯಿಯ ಮನೆಗೆ ಕಾಲಿಡಲಿಲ್ಲ. ದೀಪಾವಳಿ ಬಂತು, ಪಂಚಮಿ ಬಂತು. ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬದ ದಿನ ಆಯಿ ಉಂಡಿ ಕಟ್ಟಿ ಇಡುತ್ತಿದ್ದಳು, ಇಂಡಿಯ ಬಸ್ಸಿನ ಹೊತ್ತು ತಪ್ಪಿದ ಮೇಲೆ ನಮಗೆಲ್ಲ ಹಂಚುತ್ತಿದ್ದಳು. ಸಿದ್ದು ತರಬೇತಿ ಮುಗಿಸಿ ಒಮ್ಮೆ ಬಂದು ಹೋದ. ಬಂದಾಗ ಇಂಡಿಯಲ್ಲಿ ಒಂದು ಮನೆ, ಇಲ್ಲಿ ಒಂದು ಮನೆ ಎಂದು ಓಡಾಡಿದ. ಇಬ್ಬರನ್ನೂ ಕೂಡಿಸಲು ಅವನ ಕೈಲಾಗಲಿಲ್ಲ. ಆಯಿ ಮಗಳನ್ನು ಒಂದು ಮಾತು ಅನ್ನಲಿಲ್ಲ. ಅಕಿ ಸಿಟ್ಟು ನ್ಯಾಯದ್ದು ಎಂದಳು.

ಎರಡು ವರ್ಷ ಹೀಗೇ ಕಳೆಯಿತು. ಒಂದು ಚಳಿಗಾಲ ದೆಹಲಿಯಲ್ಲಿ ಪಾರ್ಲಿಮೆಂಟಿನ ಮೇಲೆ ದಾಳಿಯಾಗಿ, ಎರಡೂ ಕಡೆಯ ಸೈನ್ಯ ಗಡಿಗೆ ಹೋಗಿ ಎದುರುಬದುರು ನಿಂತಿತು. ಸಿಪಾಯಿಗಳ ರಜೆಯೆಲ್ಲ ಬಂದಾಯಿತು. ಸಿದ್ದು ರಾಜಸ್ಥಾನದ ಕಡೆ ಎಲ್ಲೋ ಇದ್ದಾನೆ ಎಂದಷ್ಟೇ ಗೊತ್ತಿತ್ತು. ಇಂದು ಶುರುವಾಗುತ್ತದೆ, ನಾಳೆ ಶುರುವಾಗುತ್ತದೆ ಎಂದು ಪೇಪರಿನವರು ಬರೆಯುತ್ತಿದ್ದರು. ಒಂದು ಬೆಳಿಗ್ಗೆ ನಾನು ಹಲ್ಲುಜ್ಜುತ್ತ ಅಂಗಳದಲ್ಲಿ ನಿಂತಿದ್ದಾಗ ಕಸ್ತೂರಿ ಬಂದಳು. ಕೈಯಲ್ಲಿ ಚೀಲವಿತ್ತು. ನನ್ನನ್ನು ನೋಡಿ ಆರಾಮ ಇದ್ದೀರೇನ್ರಿ ಎಂದು ಕೇಳಿ ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಎರಡು ಕಡೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿತು. ಶಾಂತವ್ವ ಹೊರಗೆ ಬಂದು ಕಟ್ಟೆಯ ಮೇಲೆ ಕೂತಿದ್ದಳು. ಇವತ್ತು ನನ್ನ ಕೆಲಸ ಇಲ್ಲ ಎಂದು ಕಣ್ಣೊರೆಸಿಕೊಂಡಳು.

ಒಳಗೆ ತಾಯಿ ಮಗಳು ಏನು ಮಾತಾಡಿದರೋ ಗೊತ್ತಿಲ್ಲ. ಏನೂ ಮಾತಾಡಲಿಲ್ಲ ಎಂದು ಆಮೇಲೆ ಶಾಂತವ್ವ ಹೇಳಿದಳು. ಹೆದರಿಕೆಯನ್ನು ಹಂಚಿಕೊಳ್ಳಲು ಆ ಊರುಗಳಲ್ಲಿ ಅವರಿಬ್ಬರಿಗೂ ಇನ್ನೊಬ್ಬರಿರಲಿಲ್ಲ. ಕಸ್ತೂರಿ ಆ ಬೇಸಿಗೆಯೆಲ್ಲ ಅಲ್ಲೇ ಉಳಿದಳು. ಗಂಡ ನಡುನಡುವೆ ನಿಂಬೆಹಣ್ಣಿನ ಚೀಲ ತಂದು ಕೊಟ್ಟು ಹೋಗುತ್ತಿದ್ದ.

ಯುದ್ಧ ಆಗಲಿಲ್ಲ. ತಿಂಗಳುಗಟ್ಟಲೆ ನಿಂತ ಸೈನ್ಯ ಹೇಗೆ ಹೋಗಿತ್ತೋ ಹಾಗೆ ಹಿಂದಕ್ಕೆ ಬಂತು. ಪೇಪರಿನ ಒಳಪುಟದಲ್ಲಿ ಬಂದ ಆ ಸುದ್ದಿಯನ್ನು ನಾನು ಓದಿ ಹೇಳಿದಾಗ ಆಯಿ ಇನ್ನೊಮ್ಮೆ ಓದಲು ಹೇಳಿದಳು. ಅಲ್ಲಿಂದ ಮುಂದೆ ಆಕೆಯ ಲಡಾಯಿಗಳ ಎಣಿಕೆಯಲ್ಲಿ ಕಡೆಯದು ಅದೇ ಆಯಿತು. ಆಗದ ಲಡಾಯಿ ಎಂದು ಅದಕ್ಕೆ ಹೆಸರಿಟ್ಟಳು. ನಾನು ಸಿಂದಗಿಗೆ ವರ್ಗವಾದದ್ದು ಆಗದ ಲಡಾಯಿಯ ವರ್ಷ ಎಂದು ಎಲ್ಲರಿಗೂ ಹೇಳುತ್ತಿದ್ದಳಂತೆ.

ನಾನು ವರ್ಗವಾಗಿ ಹೋಗುವ ಮೊದಲು ಸಿದ್ದು ರಜೆಯ ಮೇಲೆ ಬಂದ. ಮರಳಿನ ಬಿಸಿಲಿಗೆ ಮೈ ಕಪ್ಪಾಗಿ, ಮುಖ ಗಟ್ಟಿಯಾಗಿತ್ತು. ಎರಡು ದಿನ ಬರೀ ಮಲಗಿದ. ಮೂರನೆಯ ದಿನ ಮಧ್ಯಾಹ್ನ ಖಾನಾವಳಿಯ ಮಂದಿಯೆಲ್ಲ ಉಂಡು ಹೋದ ಮೇಲೆ ಅವನು ಊಟಕ್ಕೆ ಕೂತ. ಕಸ್ತೂರಿ ಬಡಿಸುತ್ತಿದ್ದಳು. ಆಯಿ ಈ ಸಲ ಬೆನ್ನ ಹಿಂದೆ ನಿಲ್ಲದೆ ಎದುರಿಗೆ ಕೂತಳು. ಮೊಣಕಾಲು ಬಹಳ ನೋಯುತ್ತಿದ್ದವು ಆಗ. ನಾನು ನನ್ನ ಸಾಮಾನು ಕಟ್ಟುವುದನ್ನು ಬಿಟ್ಟು ಹೊಸ್ತಿಲ ಮೇಲೆ ಕೂತಿದ್ದೆ.

ಅಲ್ಲಿ ಹೇಗಿತ್ತು ಎಂದು ಅವನನ್ನು ಓಣಿಯ ಎಲ್ಲರೂ ಕೇಳಿ ಮುಗಿಸಿದ್ದರು. ಬಂದೂಕು ಎಂಥದು, ಟ್ಯಾಂಕು ಎಷ್ಟು ದೊಡ್ಡದು ಎಂದು. ಆಯಿ ಈವರೆಗೆ ಏನೂ ಕೇಳಿರಲಿಲ್ಲ.

“ಆ ಕಡಿಯವರು ನಿನಗ ಕಾಣ್ತಿದ್ರೇನು?” ಎಂದಳು.

ಮನುಷ್ಯರು ಕಾಣುವಷ್ಟು ಹತ್ತಿರ ಇರಲಿಲ್ಲ ಎಂದ ಸಿದ್ದು. ನಡುವೆ ಮರಳು, ತಂತಿ. ಆಮೇಲೆ ರೊಟ್ಟಿ ಮುರಿಯುತ್ತ ನೆನಪು ಮಾಡಿಕೊಂಡು ಹೇಳಿದ: “ಮುಂಜಾನಿ ಸಂಜಿಕಿ ಹೊಗಿ ಕಾಣ್ತಿತ್ತು ಆಯಿ. ದಿಬ್ಬದ ಆಚಿ ಸಣ್ಣಗ ಏಳ್ತಿತ್ತು. ಅವರೂ ಅಡಿಗಿ ಮಾಡ್ತಿದ್ರು.”

ಏನು ಅಡಿಗೆ ಮಾಡುತ್ತಿದ್ದರು ಎಂದು ಕೇಳಿದಳು. ಅದೆಲ್ಲಿ ಗೊತ್ತಾಗತೈತಿ ಎಂದು ಅವನು ನಕ್ಕ. ಕಸ್ತೂರಿಯೂ ನಕ್ಕಳು. ಆಯಿ ನಗಲಿಲ್ಲ. ಆ ದಿಬ್ಬದ ಆಚೆ ಕೂತವರನ್ನು ಕಣ್ಣ ಮುಂದೆ ತಂದುಕೊಳ್ಳುವವಳಂತೆ ಅವನ ತಾಟು ನೋಡಿದಳು.

“ರೊಟ್ಟಿನ ಇರಬೇಕು,” ಎಂದಳು.